ಸೊಂಟ ಉಳುಕಿದ ಹುಡುಗಿ

ನಮ್ಮವರ ಜೊತೆ ಟ್ಯಾಕ್ಸಿ ಹತ್ತುವುದೆಂದರೆ ನನಗೆ ಮರ್ಯಾದೆಯ ಪ್ರಶ್ನೆ. ಕೈ ಮಾಡಿ ನಿಲ್ಲಿಸುತ್ತಾರೆ, ಸರಿ. ಆದರೆ ಹತ್ತುವುದಿಲ್ಲ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಸಣ್ಣ ಸಂದು ಇರುತ್ತದಲ್ಲ, ಅದರ ಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಾರೆ. ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ “ಛೆ, ಪಾಪ” ಎನ್ನುತ್ತಾರೆ. ಪಾಪ ಎನ್ನುವುದು ಟ್ಯಾಕ್ಸಿಗೆ, ಬಿಸಿಲಿನಲ್ಲಿ ತರಕಾರಿ ಚೀಲ ಹಿಡಿದು ನಿಂತ ಹೆಂಡತಿಗಲ್ಲ. ಹೋದ ವಾರ ಮಾಟುಂಗಾ ಸ್ಟೇಷನ್ನಿನ ಹೊರಗೆ ಒಬ್ಬ ಡ್ರೈವರು ತಾಳ್ಮೆಗೆಟ್ಟು, “ಅಂಕಲ್, ಬೈಠನಾ ಹೈ ಯಾ ಶಾದಿ ಕರ್ನೀ ಹೈ?” ಎಂದುಬಿಟ್ಟ, ಹತ್ತುತ್ತೀರೋ ಮದುವೆಯಾಗುತ್ತೀರೋ ಎಂದು. ನಾನು ನಕ್ಕ ರಭಸಕ್ಕೆ ಚೀಲದ ಟೊಮೆಟೊ ರಸ್ತೆಗೆ ಉರುಳಿತು. ಈ ಮನುಷ್ಯ ಮದುವೆಯಾದದ್ದೂ ಹೆಚ್ಚುಕಡಿಮೆ ಹೀಗೆಯೇ ಎಂದು ಅವನಿಗೇನು ಗೊತ್ತು!

ಆ ಕಥೆ ಹೇಳಬೇಕಾದರೆ ನಮ್ಮ ಅಪ್ಪನ ಕಾರಿನಿಂದ ಶುರುಮಾಡಬೇಕು. ಅಪ್ಪನ ಕಾರಿನ ಕಥೆ ಹೇಳಬೇಕಾದರೆ ಕಬ್ಬಿಣದ ಬೀರುವಿನಿಂದ ಶುರುಮಾಡಬೇಕು. ನಮ್ಮ ಅಪ್ಪ ಮೈಸೂರಿನವರು, ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಮೈಸೂರು ಬಿಟ್ಟು ಬಂದವರಿಗೆ ಎರಡು ಕಾಯಿಲೆ ಬಿಡುವುದಿಲ್ಲ. ಒಂದು ಕಾಫಿ, ಇನ್ನೊಂದು ಅರಮನೆ. ಕಾಫಿಗೆ ನಾವಿದ್ದ ಮಾಟುಂಗಾದಲ್ಲಿ ಬರವಿರಲಿಲ್ಲ. ಅರಮನೆಗೆ ಏನು ಮಾಡುವುದು? ಐವತ್ತರ ದಶಕ ಆಗಷ್ಟೇ ಕಣ್ಣುಬಿಡುತ್ತಿತ್ತು. ಸಂಸ್ಥಾನಗಳು ಹೋಗಿ, ಗುಜರಾತಿನ ಕಾಠೇವಾಡದ ಕಡೆಯ ಸಣ್ಣಪುಟ್ಟ ರಾಜರು ತಮ್ಮ ಕಾರುಗಳನ್ನು ಮುಂಬಯಿಗೆ ತಂದು ಹಳೇ ಪಾತ್ರೆ ಮಾರುವ ಹಾಗೆ ಮಾರುತ್ತಿದ್ದರು. ಅಮ್ಮ ವರ್ಷಗಟ್ಟಲೆ ಪೀಡಿಸಿದ ಮೇಲೆ ಅಪ್ಪ ಒಂದು ಶನಿವಾರ, ಸೀರೆಗಳಿಡಲು ಬೀರು ತರುತ್ತೇನೆಂದು ಹೊರಟರು. ಸಂಜೆ ಬಂದದ್ದು ಬೀರುವಿಗಿಂತ ತುಂಬ ಉದ್ದವಾಗಿತ್ತು, ಮತ್ತು ಹಾರ್ನ್ ಮಾಡುತ್ತಿತ್ತು.

ಅಮ್ಮ ಹೊಸ್ತಿಲಲ್ಲಿ ನಿಂತು ಅದನ್ನು ತಲೆಯಿಂದ ಬಾಲದವರೆಗೆ ನೋಡಿದರು. “ಇದರಲ್ಲಿ ಸೀರೆ ಎಲ್ಲಿಡೋದು?” ಎಂದಷ್ಟೇ ಕೇಳಿ ಒಳಗೆ ಹೋದರು. ಆ ರಾತ್ರಿ ನಮ್ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

ಕಾರು ಮಾತ್ರ ನಿಜಕ್ಕೂ ರಾಜವೈಭವದ್ದು. ರಸ್ತೆಯ ತಿರುವಿನಲ್ಲಿ ಮೊದಲು ಅದರ ಮೂಗು ಬರುತ್ತಿತ್ತು, ನಾವು ಸ್ವಲ್ಪ ಹೊತ್ತು ಬಿಟ್ಟು ಬರುತ್ತಿದ್ದೆವು. ಎಂಟು ಸಿಲಿಂಡರಿನ ಇಂಜಿನ್. ತಲೆಯ ಮೇಲೆ ಗಟ್ಟಿ ಸೂರಿಲ್ಲ, ಹಿಂದಕ್ಕೆ ಮಡಚಿಡುವ ಬಟ್ಟೆಯ ಹೊದಿಕೆ. ಅದು ಕುಡಿಯುವ ಪೆಟ್ರೋಲಿನಲ್ಲಿ ಒಂದು ಕುಟುಂಬ ಬಾಳುವೆ ಮಾಡಬಹುದಾದ್ದರಿಂದ ಭಾನುವಾರ ಮಾತ್ರ ಹೊರಡುತ್ತಿತ್ತು. ಅಪ್ಪ ಆಕ್ಸಿಲರೇಟರ್ ಒತ್ತಿದ ತಕ್ಷಣ ಕಾರು ಮುಂದೆ ಹೋಗುತ್ತಿತ್ತೆಂದು ತಿಳಿಯಬೇಡಿ. ಮೊದಲು ಮೈ ಮುರಿಯುತ್ತಿತ್ತು. ಎಡಗಡೆಯ ಭುಜ ಮೇಲೇಳುತ್ತಿತ್ತು, ಬಲಗಡೆಯ ಹಿಂಭಾಗ ಕುಸಿಯುತ್ತಿತ್ತು, ಮೈಯೆಲ್ಲ ಕಿರ್ರೆಂದು, ಹಿಂದಿನ ಬಲಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಆಮೇಲೆ ಕಾರು ಹೊರಡುತ್ತಿತ್ತು. ಆ ಬಾಗಿಲ ಪಕ್ಕ ಕೂರುತ್ತಿದ್ದವರು ಅಮ್ಮ. ಅವರು ಬಾಗಿಲನ್ನು ಹಗ್ಗದಿಂದ ಸೀಟಿಗೆ ಕಟ್ಟಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು, ಹಸು ಹೊಡೆದುಕೊಂಡು ಹೋಗುವವರ ಹಾಗೆ ಕೂರುತ್ತಿದ್ದರು.

“ಅರಮನೆ ಗಾಡಿ ಕಣೇ,” ಎನ್ನುತ್ತಿದ್ದರು ಅಪ್ಪ. “ಬಾಗಿಲು ನಾವು ತೆಗೀಬೇಕಾಗಿಲ್ಲ, ಅದೇ ತೆಗೆಯುತ್ತೆ.”

ಗೋರೆಗಾಂವಿನ ಕಡೆಯ ಒಂದು ಸ್ಟುಡಿಯೋದವರು ಒಮ್ಮೆ ರಾಜಕುಮಾರನ ದೃಶ್ಯಕ್ಕೆಂದು ಈ ಕಾರನ್ನು ಕೇಳಿ ಒಯ್ದಿದ್ದರು. ಪೇಟ ತೊಟ್ಟ ನಾಯಕ ಹಿಂದಿನ ಸೀಟಿನಲ್ಲಿ ಎದೆಯುಬ್ಬಿಸಿ ಕೂತ. ಡ್ರೈವರು ಒತ್ತಿದ. ಬಾಗಿಲು ತನ್ನ ಅರಮನೆ ಪದ್ಧತಿಯಂತೆ ತೆರೆಯಿತು. ಕಾರು ಹೋಯಿತು, ಪೇಟವೂ ಹೋಯಿತು, ನಾಯಕ ಮಾತ್ರ ಕೆಸರಿನಲ್ಲಿ ಉಳಿದ. ಈ ಕಥೆಯನ್ನು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು, ತಪ್ಪು ನಾಯಕನದೇ ಎನ್ನುವ ಧಾಟಿಯಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅದು ವ್ಯಾಕರಣ. ಹುಬ್ಬೇರಿಸಬೇಡಿ. ಅಪ್ಪ ಕಚೇರಿಯ ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ಮೋಟಾರಿನ ಇಂಗ್ಲಿಷ್ ಪತ್ರಿಕೆಗಳನ್ನು ಓದುತ್ತಿದ್ದರು. ಇಂಗ್ಲಿಷಿನವರು ಹಡಗನ್ನೂ ಕಾರನ್ನೂ ಹೆಂಗಸರನ್ನು ಕರೆಯುವ ಹಾಗೆ ಕರೆಯುತ್ತಾರೆ. ಅಪ್ಪನಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಕಾರು ‘ಇವಳು’ ಆಯಿತು. ಸ್ವಲ್ಪ ದಿನಕ್ಕೆ ‘ನಮ್ಮ ಹುಡುಗಿ’ ಆಯಿತು. “ಇವಳಿಗೆ ಇವತ್ತು ಯಾಕೋ ಕೆಮ್ಮು” ಎನ್ನುತ್ತಿದ್ದರು. ಎದುರಿನ ಉಡುಪಿ ಹೋಟೆಲಿನ ಪದ್ದಣ್ಣನೂ ಅದನ್ನೇ ಕಲಿತು, ಗಲ್ಲಾದಿಂದಲೇ, “ರಾಯರೇ, ನಿಮ್ಮ ಹುಡುಗಿ ಮೈಮೇಲೆ ಕಾಗೆ ಕೂತಿದೆ ನೋಡಿ!” ಎಂದು ಕೂಗುತ್ತಿದ್ದ.

ಹಾಗಾದರೆ ನಾನೇನು? ನಾನು ‘ಅದು’. ನಮ್ಮ ಮೈಸೂರು ಕಡೆ ಮನೆಯ ಹೆಣ್ಣುಮಕ್ಕಳಿಗೆ ನಪುಂಸಕಲಿಂಗವೇ ಗತಿ, ಪ್ರೀತಿ ಹೆಚ್ಚಾದಷ್ಟೂ ಹೆಚ್ಚು ನಪುಂಸಕ. “ಸರೋಜ ಕಾಲೇಜಿಂದ ಬಂತಾ? ಅದಕ್ಕೆ ಕಾಫಿ ಕೊಡು,” ಎನ್ನುತ್ತಿದ್ದ ಬಾಯಲ್ಲೇ ಅಪ್ಪ, “ಪಾಪ, ಇವಳು ಬಿಸಿಲಲ್ಲಿ ನಿಂತಿದಾಳೆ, ಗೋಣಿ ಹೊದಿಸಬೇಕು,” ಎನ್ನುತ್ತಿದ್ದರು. ಕಾರಿಗೆ ಸಿಕ್ಕ ಲಿಂಗ ನನಗೆ ಸಿಕ್ಕಿರಲಿಲ್ಲ. ನನಗೇನೂ ಬೇಸರವಿರಲಿಲ್ಲ ಎಂದು ಹೇಳಬಹುದಿತ್ತು, ಆದರೆ ಸುಳ್ಳಾಗುತ್ತದೆ. ಗೋಣಿ ಹೊದಿಸಿಕೊಂಡ ಆ ಕಾರನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಉರಿಯುವುದು ನನ್ನ ಜಾಯಮಾನ. ಅದರಿಂದಾಗಿಯೇ ಅಷ್ಟರಲ್ಲಿ ಎರಡು ಸಂಬಂಧ ಮುರಿದಿದ್ದವು. ಮೊದಲನೆಯ ಹುಡುಗ, “ನಡೆದು ತೋರಿಸಲಿ” ಎಂದಿದ್ದಕ್ಕೆ, “ನೀವು ಮೊದಲು ನಡೆದು ತೋರಿಸಿ” ಎಂದಿದ್ದೆ. ಅವನು ನಡೆದು ಹೊರಟೇ ಹೋದ. ಎರಡನೆಯವನ ಚಿಕ್ಕಪ್ಪ ನನ್ನ ಹಾಡು ಕೇಳಿ, “ಸ್ವಲ್ಪ ಶ್ರುತಿ ಸಾಲದು” ಎಂದರು. ನಾನು ಅವರನ್ನೇ ಹಾಡಲು ಕೇಳಿದೆ. ಮೈಸೂರಿನಿಂದ ಬಂದಿದ್ದ ದೊಡ್ಡಪ್ಪ ಇದನ್ನೆಲ್ಲ ಕೇಳಿ ಕೆಂಡವಾದರು. ಅವರ ತೀರ್ಪು ಹೀಗಿತ್ತು: ಇನ್ನೊಂದು ಸಂಬಂಧ ನೋಡಿ. ಅದೂ ತಪ್ಪಿದರೆ ಹುಡುಗಿಯ ಓದು ಬಿಡಿಸಿ ನಂಜನಗೂಡಿಗೆ ಕಳಿಸಿ. ಅಲ್ಲಿ ಅಕ್ಕಿ ಗಿರಣಿಯವನೊಬ್ಬ ಸಿದ್ಧವಾಗಿದ್ದ. ಹೆಂಗಸರು ಓದಿದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಮಾನ ಹೋಗುತ್ತದೆ ಎನ್ನುವುದು ಅವನ ನಂಬಿಕೆಯಂತೆ. ಅಪ್ಪ ಅಣ್ಣನ ಮಾತಿಗೆ ಎಂದೂ ಎದುರಾಡಿದವರಲ್ಲ. “ಆಗಲಿ” ಎಂದುಬಿಟ್ಟರು.

ನಾನು ಆಗ ಬಿ.ಎ. ಓದುತ್ತಿದ್ದೆ, ಪರೀಕ್ಷೆಗೆ ಇನ್ನೂ ಒಂದು ವರ್ಷವಿತ್ತು. ನನಗೆ ಮದುವೆ ಬೇಡವೆಂದೇನೂ ಇರಲಿಲ್ಲ. ನನಗೆ ಬೇಕಾದದ್ದು ಆ ಬಿ.ಎ., ಮತ್ತೆ ಮುಂಬಯಿ. ಬೆಳಿಗ್ಗೆ ಲೇಡೀಸ್ ಡಬ್ಬದಲ್ಲಿ ಕಂಬಿ ಹಿಡಿದು ನಿಂತು ಪಾಠ ಓದುವುದು, ಸಂಜೆ ಗೆಳತಿಯರ ಜೊತೆ ಪದ್ದಣ್ಣನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಒಂದೇ ದೋಸೆಗೆ ಮೂರು ಕೈ ಹಾಕುವುದು. ಇದನ್ನೆಲ್ಲ ಬಿಟ್ಟು ಅಕ್ಕಿ ಗಿರಣಿಯ ಸದ್ದಿನಲ್ಲಿ ಕೂತುಕೊಳ್ಳಬೇಕೆಂದರೆ ಎದೆ ಬಿರಿಯುತ್ತಿತ್ತು. ಹಾಗಾಗಿ ಮೂರನೆಯ ಹುಡುಗ ಬರುವ ಮುನ್ನ ನಾನೇ ನನ್ನ ನಾಲಗೆಗೆ ಬುದ್ಧಿ ಹೇಳಿದ್ದೆ: ತಾಯಿ, ಈ ಒಂದು ಮಧ್ಯಾಹ್ನ ಸುಮ್ಮನಿರು.

ಮೂರನೆಯವರೇ ನಮ್ಮವರು. ಹೆಸರು ಮೂರ್ತಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಲ್ಲಿ ಬಸ್ಸುಗಳ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿ ತಾಯಿಯ ಜೊತೆ ವಾಸ. ತಾಯಿ ಭಾಗೀರಥಮ್ಮನವರು ಒಬ್ಬ ಕನ್ನಡ ಪಂಡಿತರ ವಿಧವೆ. ತೀರಿಹೋದ ಗಂಡನ ವ್ಯಾಕರಣವನ್ನೆಲ್ಲ ಅವರು ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದಾರೆಂದು ಆಗ ನಮಗೆ ಗೊತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆಯೇ ಅಮ್ಮ ಅಪ್ಪನಿಗೆ ಹೇಳಿದ್ದರು. “ನೋಡಿ, ಹುಡುಗಿ ನೋಡೋಕೆ ಬಂದೋರಿಗೆ ಕಾರು ತೋರಿಸ್ಬೇಡಿ.”

“ನಾನೆಲ್ಲೇ ತೋರಿಸ್ತೀನಿ?” ಎಂದರು ಅಪ್ಪ. “ಇವಳು ಬಾಗಿಲಲ್ಲೇ ನಿಂತಿರ್ತಾಳೆ. ಕಣ್ಣಿದ್ದೋರು ನೋಡ್ತಾರೆ.”

ನಿಂತಿದ್ದಳು, ಎಡಗಡೆಯ ಮುಂದಿನ ಚಕ್ರವನ್ನು ಫುಟ್‌ಪಾತಿನ ಮೇಲೆ ಏರಿಸಿಕೊಂಡು. ನಮ್ಮ ಗಲ್ಲಿಯ ಅಗಲಕ್ಕೆ ಅವಳು ಹಾಗೆಯೇ ನಿಲ್ಲಬೇಕಿತ್ತು. ಹಾಗೆ ನಿಂತಾಗಲೆಲ್ಲ, ಹೊರಟಾಗ ತಾನಾಗಿ ತೆರೆಯುವ ಆ ಹಿಂಬಾಗಿಲು ಬಿಗಿದು ಕೂತು, ಒದ್ದರೂ ತೆರೆಯುತ್ತಿರಲಿಲ್ಲ. ತಾಯಿ ಮಗ ಬಂದರು. ತಾಯಿ ಮನೆಯ ಒಳಗೆ ಬಂದರು. ಮಗ ಹೊಸ್ತಿಲ ತನಕ ಬಂದವರು ತಿರುಗಿ ಕಾರಿನ ಕಡೆ ನೋಡಿದರು, ವಾಪಸು ಹೋಗಿ ಆ ಬಾಗಿಲಿನ ಸಂದಿಗೆ ಉಗುರು ಹಾಕಿದರು, ಮುಗಿಯಿತು. “ಸಾರ್, ಒಂದು ನಿಮಿಷ ಗಾಡಿ ಅಡಿಗೆ ಹೋಗಿ ನೋಡ್ಲಾ?” ಎಂದರು. ಅಪ್ಪನಿಗೆ ಅಷ್ಟೇ ಬೇಕಾಗಿತ್ತು. ನಾನು ಪರದೆಯ ಹಿಂದೆ ಉಪ್ಪಿಟ್ಟು ಕೇಸರಿಭಾತಿನ ತಟ್ಟೆ ಹಿಡಿದು, ಮೊಳ ಮಲ್ಲಿಗೆ ಮುಡಿದು, ಅಮ್ಮ ಉಡಿಸಿದ ಧರ್ಮಾವರದ ಸೀರೆಯಲ್ಲಿ ಬೆವರುತ್ತ ನಿಂತಿದ್ದೆ. ನನ್ನನ್ನು ನೋಡಲು ಬಂದವರು ಕೋಟು ಕಳಚಿ ಕಾರಿನ ಕೆಳಗೆ ಮಲಗಿದ್ದರು.

ಅಡಿಯಲ್ಲಿ ಅವರು ಏನು ಕಂಡರೆಂಬುದು ಈಗ ನನಗೆ ಬಾಯಿಪಾಠ. ನಿಮ್ಮಲ್ಲಿ ಯಾರ ಬಳಿಯಾದರೂ ಭಾರಿ ಇಂಜಿನ್ನಿನ ಹಳೇ ಕಾರಿದ್ದರೆ ಕೇಳಿಸಿಕೊಳ್ಳಿ, ಇಲ್ಲದಿದ್ದರೂ ಕೇಳಿಸಿಕೊಳ್ಳಿ, ಇಷ್ಟು ವರ್ಷ ನಾನು ಕೇಳಿಲ್ಲವೇ? ಕಾರಿನ ಮೈಯನ್ನು ಹೊತ್ತುಕೊಂಡಿರುವುದು ಅಡಿಯಲ್ಲಿರುವ ಚಾಸಿ, ಏಣಿಯಂಥ ಕಬ್ಬಿಣದ ಚೌಕಟ್ಟು. ಧಾರಾವಿಯ ಗ್ಯಾರೇಜುಗಳಲ್ಲಿ ಅದಕ್ಕೆ ‘ಕಮರ್’ ಎನ್ನುತ್ತಿದ್ದರು, ನಮ್ಮಪ್ಪ ‘ಸೊಂಟ’ ಎಂದು ಕನ್ನಡ ಮಾಡಿಕೊಂಡಿದ್ದರು. ಆ ಏಣಿಯ ಉದ್ದದ ಕಂಬಿಗಳು ಒಂದು ಮಗ್ಗುಲು ತೆರೆದ ದೋಣಿಯಂತಿರುತ್ತವೆ. ಮುಚ್ಚಳ ಕತ್ತರಿಸಿದ ಸೀಮೆಎಣ್ಣೆ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ, ತಿರುಚಿಕೊಳ್ಳುತ್ತದೆ. ಮುಚ್ಚಳವಿರುವ ಡಬ್ಬ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ನಮ್ಮ ಕಾರಿಗೆ ಅಡಿಯಲ್ಲೂ ಮುಚ್ಚಳವಿಲ್ಲ, ತಲೆಯ ಮೇಲೂ ಸೂರಿಲ್ಲ. ಮುಂದೆ ಕೂತ ಎಂಟು ಸಿಲಿಂಡರ್ ಪ್ರತಿಸಲ ಗುಡುಗಿದಾಗಲೂ ಇಡೀ ಮೈಯನ್ನು ಒದ್ದೆ ಪಂಚೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಸಾಲದ್ದಕ್ಕೆ ಅಪ್ಪ ಒಂದು ಚಕ್ರ ಮೇಲೇರಿಸಿ ವಾರವಿಡೀ ನಿಲ್ಲಿಸುತ್ತಿದ್ದರು. ಹೀಗೆ ಮೈ ತಿರುಚಿದ್ದರ ಗುರುತೇ ಬಾಗಿಲಿನ ಆ ಸಂದು, ಮೇಲೆ ಅಗಲ, ಕೆಳಗೆ ಕಿರಿದು.

ಮದ್ದೂ ಇದೆ. ತೆರೆದ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಬೆಸೆದು ಮುಚ್ಚುವುದು. ನಡುವೆ ಅಡ್ಡಡ್ಡ ಕತ್ತರಿಯಾಕಾರದ ಪಟ್ಟಿ ಕೊಡುವುದು. ಮೈಗೂ ಚಾಸಿಗೂ ನಡುವೆ ಇರುವ ರಬ್ಬರಿನ ಬಿಲ್ಲೆಗಳು ಸತ್ತಿದ್ದರೆ ಹೊಸದು ಹಾಕುವುದು. ಬೋಲ್ಟು ಬಿಗಿಯಬೇಕು, ಉಸಿರುಕಟ್ಟುವಷ್ಟಲ್ಲ. ಗಾಡಿಯನ್ನು ಎತ್ತುವಾಗ ಇಳಿಸುವಾಗ ಬಾಗಿಲುಗಳೆಲ್ಲ ಮುಚ್ಚಿರಬೇಕು. ಎಲ್ಲಕ್ಕಿಂತ ಮೊದಲು, ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು, ಶಕ್ತಿಯಿದೆಯೆಂದು ಮೊದಲ ಹೆಜ್ಜೆಗೇ ತೋರಿಸಬಾರದು. ನಮ್ಮವರು ಇದನ್ನು ದಾಂಪತ್ಯಕ್ಕೆ ಹೋಲಿಸಿ ಎಷ್ಟೋ ಮದುವೆಮನೆಗಳಲ್ಲಿ ಭಾಷಣ ಬಿಗಿಯಲು ಎದ್ದಿದ್ದಾರೆ. ನಾನು ಶಲ್ಯ ಹಿಡಿದೆಳೆದು ಕೂರಿಸಿದ್ದೇನೆ.

ಆ ಮಧ್ಯಾಹ್ನಕ್ಕೆ ಬರೋಣ. ನಮ್ಮದು ಕೆಳ ಅಂತಸ್ತಿನ ಮನೆ, ಹಜಾರದ ಕಿಟಕಿ ರಸ್ತೆಗೇ ತೆರೆಯುತ್ತಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಭಾಗೀರಥಮ್ಮ ಬೀಸಣಿಗೆ ಆಡಿಸುತ್ತ ಕೂತಿದ್ದರು. ಅಮ್ಮ ಕಾಫಿ ಬೆರೆಸಲು ಅಡುಗೆಮನೆಗೆ ಹೋಗಿದ್ದರು. ಹೊರಗಿನಿಂದ ಅಪ್ಪನ ದನಿ ಕೇಳಿಸಿತು.

“ಹೇಗಿದಾಳೆ ನಮ್ಮ ಹುಡುಗಿ?”

ಕಾರಿನ ಅಡಿಯಿಂದ ಉತ್ತರ ಬಂತು. “ಒಳ್ಳೇ ಶಕ್ತಿ ಸಾರ್. ವಿಪರೀತ ಶಕ್ತಿ. ಅದೇ ತೊಂದರೆಯಾಗಿರೋದು. ಇವಳ ಶಕ್ತಿಗೆ ಇವಳ ಮೈಯೇ ತಾಳ್ತಾ ಇಲ್ಲ.” ಹಿರಿಯರು ‘ಇವಳು’ ಎಂದ ಮೇಲೆ ತಾನು ಬೇರೇನೋ ಅನ್ನುವುದು ಮರ್ಯಾದೆಯಲ್ಲ ಎಂದು ಅವರೂ ಹಾಗೇ ಅಂದರಂತೆ.

ಭಾಗೀರಥಮ್ಮನ ಬೀಸಣಿಗೆ ನಿಂತಿತು.

“ಅಂದ್ರೆ ಏನಪ್ಪ?”

“ಸೊಂಟ ಉಳುಕಿದೆ ಸಾರ್. ಬಲಗಡೆಗೆ ತಿರುಚ್ಕೊಂಡುಬಿಟ್ಟಿದಾಳೆ. ಮೊದಲು ಯಾರ ಹತ್ರ ಇದ್ಲು?”

“ಕಾಠೇವಾಡದ ಒಬ್ಬ ರಾಜನ ಹತ್ರ. ಅವನಿಗೇನು, ಇಂಥೋರು ಇನ್ನೂ ಎಷ್ಟೋ ಜನ ಇದ್ರು. ಇವಳು ಸಾಕಾದ್ಲು, ಬಿಟ್ಟ. ನಾನು ಕರ್ಕೊಂಡು ಬಂದೆ. ಅಯ್ಯೋ, ಸೊಂಟದ ವಿಷಯ ಅವನು ಬಾಯೇ ಬಿಡ್ಲಿಲ್ವಲ್ಲ!”

ಎದುರಿನ ಹೋಟೆಲಿನಿಂದ ಪದ್ದಣ್ಣನೂ ರಸ್ತೆ ದಾಟಿ ಬಂದಿದ್ದನೆಂದು ಕಾಣುತ್ತದೆ. ಅವನ ದನಿ ಕೇಳಿಸಿತು. “ನಂಗೆ ಮೊದ್ಲೇ ಡೌಟಿತ್ತು ಮಾರಾಯ್ರೆ. ಹೋದ ವಾರ ಸರ್ಕಲಿನಲ್ಲಿ ಹಟ ಹಿಡಿದು ನಿಂತಳಲ್ಲ, ನಾವು ಹೋಟೆಲಿನವರೆಲ್ಲ ಸೇರಿ ಹಿಂದಿನಿಂದ ನೂಕಿದ್ದು. ಎಂತ ಭಾರ ಅಂತೀರಿ!”

ಭಾಗೀರಥಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

“ಸರಿಹೋಗ್ತಾಳಾ?” ಎಂದರು ಅಪ್ಪ, ಅಳುವವರ ಹಾಗೆ.

“ಯಾಕೆ ಸರಿಹೋಗಲ್ಲ? ಧಾರಾವಿಗೆ ಕರ್ಕೊಂಡು ಹೋಗಿ ಸಾರ್. ಎರಡೂ ಕಡೆ ಕಬ್ಬಿಣದ ಪಟ್ಟಿ ಇಟ್ಟು ಬೆಸುಗೆ ಹಾಕಿಸಿದ್ರೆ ಗಟ್ಟಿಯಾಗ್ತಾಳೆ.”

ಭಾಗೀರಥಮ್ಮ ಎದ್ದು ನಿಂತರು. ಅಷ್ಟರಲ್ಲಿ ಅಮ್ಮ ಕಾಫಿ ಲೋಟ ಹಿಡಿದು ನಗುನಗುತ್ತ ಬಂದರು. ಹೊರಗಿನ ಮಾತೊಂದೂ ಅಡುಗೆಮನೆಗೆ ಕೇಳಿಸಿರಲಿಲ್ಲ.

“ಸೊಂಟದ ವಿಷಯ ನಮಗೆ ಮೊದಲೇ ಯಾಕೆ ಹೇಳ್ಲಿಲ್ಲ?” ಎಂದರು ಭಾಗೀರಥಮ್ಮ.

ಅಮ್ಮನಿಗೆ ನಿಜಕ್ಕೂ ಸೊಂಟನೋವಿತ್ತು. ಬೀಗಿತ್ತಿಯಾಗುವವರು ಬಂದ ಕೂಡಲೇ ತನ್ನ ಕಷ್ಟಸುಖ ವಿಚಾರಿಸಿದರಲ್ಲ ಎಂದು ಅವರ ಕಣ್ಣು ತುಂಬಿತು. “ನಿಮಗ್ಯಾರು ಹೇಳಿದ್ರು? ಏನು ಮಾಡೋದು ಹೇಳಿ, ನಮ್ಮ ವಂಶದಲ್ಲೇ ಇದೆ. ನಮ್ಮ ತಾಯಿಗೂ ಹೀಗೇ ಇತ್ತು. ಬಗ್ಗೋಕಾಗಲ್ಲ, ಏಳೋಕಾಗಲ್ಲ.”

“ವಂಶದಲ್ಲೇ ಇದೆಯೇ! ಶಿವ ಶಿವ!” ಎಂದವರೇ ಭಾಗೀರಥಮ್ಮ ಕಾಫಿಯನ್ನೂ ಅಮ್ಮನನ್ನೂ ದಾಟಿಕೊಂಡು ಬೀದಿಗೆ ನಡೆದರು.

ಪರದೆಯ ಹಿಂದೆ ನನಗೆ ಮೊದಲು ಬಂದದ್ದು ನಗು. ತಟ್ಟೆ ನಡುಗುವಷ್ಟು ನಗು. ಅವರು ಹೊಸ್ತಿಲು ದಾಟಿದ್ದು ಕಂಡಾಗ ನಗು ಹೊಟ್ಟೆಯಲ್ಲೇ ತಣ್ಣಗಾಯಿತು. ಮೂರನೆಯ ಸಂಬಂಧ ಬಾಗಿಲಾಚೆ ಹೋಗುತ್ತಿದೆ. ಇದರ ಹಿಂದೆಯೇ ನಂಜನಗೂಡು ಬರುತ್ತದೆ. ಈ ಸಲ ನಾನು ಬಾಯಿಯನ್ನೇ ತೆರೆದಿಲ್ಲ, ಪಾಪಿ ಕಾರಿನ ಸೊಂಟಕ್ಕೆ ನನ್ನ ಬಿ.ಎ. ಹೋಗುತ್ತಿದೆ! ತಟ್ಟೆಯನ್ನು ಕೆಳಗಿಡಬೇಕೆಂದೂ ಹೊಳೆಯಲಿಲ್ಲ. ಉಪ್ಪಿಟ್ಟು ಹಿಡಿದುಕೊಂಡೇ ಬೀದಿಗೆ ಓಡಿದೆ.

ಬೀದಿಯಲ್ಲಿ ಭಾಗೀರಥಮ್ಮ ಕಾರಿನ ಕೆಳಗಿಂದ ಚಾಚಿದ್ದ ಎರಡು ಪಾದಗಳಿಗೆ ಹೇಳುತ್ತಿದ್ದರು. “ಎದ್ದು ಬಾರೋ ಮೂರ್ತಿ. ಸೊಂಟ ಉಳುಕಿದ ಹುಡುಗಿ ನಮಗೆ ಬೇಡ.”

ಪಾದಗಳು ಅಲುಗಾಡಲಿಲ್ಲ. “ಸರಿಮಾಡ್ಬಹುದಮ್ಮ,” ಎಂದಿತು ಅಡಿಯ ದನಿ. “ಇಂಥವಳು ಮತ್ತೆ ಸಿಗಲ್ಲ. ಬಿಟ್ಟು ಬರೋಕೆ ಮನಸ್ಸಾಗ್ತಿಲ್ಲ.”

“ಮುಖಾನೇ ನೋಡಿಲ್ಲ, ಆಗಲೇ ಮನಸ್ಸು! ರಾಜನ ಮನೇಲಿದ್ದೋಳಂತೆ ಕಣೋ!”

“ಅದಕ್ಕೇ ಅಮ್ಮ ಇಷ್ಟು ಚೆನ್ನಾಗಿರೋದು!”

ನನ್ನ ನಾಲಗೆಗೆ ಹೇಳಿದ್ದ ಬುದ್ಧಿಯೆಲ್ಲ ಅಲ್ಲಿಗೆ ಮುಗಿಯಿತು. “ಅದು ಕಾರು!” ಎಂದು ಕಿರುಚಿದೆ. “ಉಳುಕಿರೋದು ಕಾರಿನ ಸೊಂಟ! ನಾನು ಹುಡುಗಿ! ನನ್ನ ಸೊಂಟ ನೆಟ್ಟಗಿದೆ, ಬೇಕಾದ್ರೆ ನೋಡ್ಕೊಳ್ಳಿ!” ಎಂದು ತಟ್ಟೆ ಸಮೇತ ಒಂದು ಸುತ್ತು ತಿರುಗಿಯೂ ಬಿಟ್ಟೆ. ಕೇಸರಿಭಾತಿನ ಒಂದು ಮುದ್ದೆ ಹಾರಿ ಕಾರಿನ ಬಾನೆಟ್ಟಿನ ಮೇಲೆ ಕೂತಿತು.

ಹೋಟೆಲಿನೊಳಗೆ ಲೋಟದ ಸದ್ದು ನಿಂತಿತು. ಮಹಡಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಕಾರು ಮಾಡಿದ್ದು ಸಾಲದೆಂದು ನಾನೇ ಮೂರನೆಯ ಸಲವೂ ಕೆಡಿಸಿಕೊಂಡೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು, ಕಣ್ಣಿನಲ್ಲಿ ನೀರು ಬಂತು. ಕಾರಿನ ಕೆಳಗಿಂದ ನಿಧಾನವಾಗಿ ಒಂದು ತಲೆ ಹೊರಗೆ ಬಂತು. ಮೂಗಿನ ಮೇಲೆ ಗ್ರೀಸು. ಅದು ಒಮ್ಮೆ ನನ್ನನ್ನೂ, ಒಮ್ಮೆ ತಾಯಿಯನ್ನೂ, ಒಮ್ಮೆ ಕೇಸರಿಭಾತನ್ನೂ ನೋಡಿ ಎಲ್ಲವನ್ನೂ ಅರ್ಥಮಾಡಿಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳುತ್ತಿದ್ದರು. ಇವರು ಎದ್ದು ನಿಂತು, “ಪದ್ದಣ್ಣ, ಸ್ವಲ್ಪ ಕೈ ಹಾಕ್ತೀರಾ? ಗಾಡೀನ ಫುಟ್‌ಪಾತಿಂದ ಇಳಿಸ್ಬೇಕು. ಬಾಗಿಲು ಯಾರೂ ಮುಟ್ಬೇಡಿ,” ಎಂದರು. ತಾಯಿಯನ್ನು ಆ ಹಿಂಬಾಗಿಲ ಹತ್ತಿರ ನಿಲ್ಲಿಸಿ, “ಮೊದಲು ಎಳೆದು ನೋಡಮ್ಮ” ಎಂದರು. ಭಾಗೀರಥಮ್ಮ ಎರಡು ಕೈಯಲ್ಲಿ ಎಳೆದರು, ಬರಲಿಲ್ಲ. ಹೋಟೆಲಿನವರು ಸೇರಿ ಕಾರನ್ನು ಹಿಂದಕ್ಕೆ ನೂಕಿದರು. ಚಕ್ರ ಧೊಪ್ಪೆಂದು ಕೆಳಗಿಳಿಯಿತು. ಮೈಯೆಲ್ಲ ನಿಟ್ಟುಸಿರು ಬಿಟ್ಟು ನೇರವಾಯಿತು. “ಈಗ ಎಳಿಯಮ್ಮ.” ಒಂದು ಬೆರಳಿಗೆ ಬಾಗಿಲು ಬಂದುಬಿಟ್ಟಿತು.

“ಓಹೋ. ಸೊಂಟ ಇದರದು,” ಎಂದರು ಭಾಗೀರಥಮ್ಮ. ಅಬ್ಬ ಎಂದುಕೊಳ್ಳುವಷ್ಟರಲ್ಲಿ ಅವರು ಅಪ್ಪನ ಕಡೆ ತಿರುಗಿದರು. ಮುಖದ ಮೇಲೆ ಈಗ ಹೊಸ ಸಿಟ್ಟು. “ಅಲ್ರೀ, ಕಾರಿಗೆ ಯಾರಾದ್ರೂ ‘ಇವಳು’ ಅಂತಾರೇನ್ರೀ?”

“ಇಂಗ್ಲಿಷಿನಲ್ಲಿ ಹಾಗೇ ಅನ್ನೋದು ತಾಯಿ,” ಎಂದರು ಅಪ್ಪ.

“ನಾವು ಮಾತಾಡ್ತಿರೋದು ಯಾವ ಭಾಷೆ? ನಮ್ಮ ಯಜಮಾನರು ಜೀವಮಾನವೆಲ್ಲ ಮಕ್ಕಳಿಗೆ ಲಿಂಗ ವಚನ ಕಲಿಸಿ ಸವೆದುಹೋದರು. ಹೇಳಿ, ಕಲ್ಲು?”

ಅಪ್ಪ ಕೈಕಟ್ಟಿ ನಿಂತರು. “ನಪುಂಸಕಲಿಂಗ.”

“ಬಂಡಿ?”

“ನಪುಂಸಕಲಿಂಗ.”

“ಕಾರು?”

ಅಪ್ಪ ಕಾರನ್ನೊಮ್ಮೆ ನೋಡಿದರು. ಮಗಳನ್ನು ಧಾರೆ ಎರೆದು ಕೊಡುವವರಿಗೂ ಅಷ್ಟು ದುಃಖವಿರುವುದಿಲ್ಲ. “ನಪುಂಸಕ,” ಎಂದರು.

“ಮಗಳು?”

“ಅದು... ಅದು ಸ್ತ್ರೀಲಿಂಗ ತಾಯಿ.”

ಮೊದಲು ನಕ್ಕದ್ದು ಪದ್ದಣ್ಣ. ಆಮೇಲೆ ಮಹಡಿಯವರು, ಆಮೇಲೆ ಭಾಗೀರಥಮ್ಮನೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೊಬ್ಬಳು ನಗಲಿಲ್ಲ. ನಕ್ಕು ಕಳಿಸಿಬಿಡುವವರನ್ನೂ ನಾನು ನೋಡಿದ್ದೆ. ತಟ್ಟೆ ಹಿಡಿದ ಕೈ ಸೋಲುತ್ತಿತ್ತು, ಯಾರೂ ಅದನ್ನು ಇಸಿದುಕೊಳ್ಳುತ್ತಿರಲಿಲ್ಲ. ಹೇಳುವುದಾದರೆ ಬೇಗ ಹೇಳಿ ಹೋಗಲಿ ಎನ್ನಿಸುತ್ತಿತ್ತು.

ಭಾಗೀರಥಮ್ಮ ಕಣ್ಣೊರೆಸಿಕೊಂಡು ಮಗನ ಕಡೆ ನೋಡಿದರು. “ಸರಿ, ಕಾರಿನ ವಿಷಯ ಮುಗೀತು. ಬಂದ ಕೆಲಸ ಹೇಳು. ಹುಡುಗಿ ಒಪ್ಪಿಗೆಯೇನೋ ನಿನಗೆ?”

ಇಂಥ ಪ್ರಶ್ನೆಯನ್ನು ಮನೆಗೆ ಹೋಗಿ ಕೇಳುತ್ತಾರೆ, ಉತ್ತರ ಮಧ್ಯಸ್ಥರ ಮೂಲಕ ಬರುತ್ತದೆ. ಇಲ್ಲಿ ನಟ್ಟನಡು ಬೀದಿಯಲ್ಲಿ, ಹೋಟೆಲಿನ ಗಿರಾಕಿಗಳ ಎದುರಿಗೆ. ಅವರು ಗ್ರೀಸಿನ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಿದರು. ಅವತ್ತು ಮೊದಲ ಸಲ ಸರಿಯಾಗಿ ನೋಡಿದ್ದು.

“ನನಗೆ ಒಪ್ಪಿಗೆ,” ಎಂದರು. “ಆದರೆ ಅವರಿಗೆ ಹೇಗೋ ಏನೋ. ಅವರನ್ನೊಂದು ಮಾತು ಕೇಳಮ್ಮ.”

ಅವರೆಂದರೆ ಯಾರು? ಹಿಂದೆ ಯಾರೋ ಹಿರಿಯರು ಬಂದು ನಿಂತಿರಬೇಕೆಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿದರೆ ಅಪ್ಪ, ಅಮ್ಮ, ಭಾಗೀರಥಮ್ಮ, ಪದ್ದಣ್ಣ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಷ್ಟು ಸಂತೋಷವಾಯಿತೆಂದರೆ, ಇಂದಿಗೂ ಅದನ್ನು ನೆನೆಸಿಕೊಂಡು ಅವರ ಎಷ್ಟೋ ತಲೆಹರಟೆಗಳನ್ನು ಸಹಿಸಿಕೊಂಡಿದ್ದೇನೆ.

“ಬಿ.ಎ. ಮುಗಿಸ್ತೀನಿ,” ಎಂದೆ. ದನಿ ನನ್ನದೇ ಎನ್ನಿಸಲಿಲ್ಲ. “ಆಮೇಲಾದ್ರೆ ಒಪ್ಪಿಗೆ.”

ಅವರು ತಾಯಿಯ ಕಡೆ ತಿರುಗಿದರು. “ಬಿ.ಎ. ಮುಗಿಸ್ತಾರಂತಮ್ಮ,” ಎಂದರು. “ಕಾಯೋಣ.”